ತುಮಕೂರಿನಿಂದ ಗೋಕರ್ಣದ ಕಡಲಿಗೆ: ದೋಣಿಯಾನ, ಅಲೆ ಕೊರೆದ ಗವಿಗಳು ಮತ್ತು ಕರಾವಳಿಯ ಊಟಕ್ಕೊಂದು ಸಮಗ್ರ ಮಾರ್ಗದರ್ಶಿ

ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ಮೂರೂ ಜಿಲ್ಲೆಗಳಿಗೆ ಸಮುದ್ರವಿಲ್ಲದಿದ್ದರೂ ಸಮುದ್ರಕ್ಕೆ ಹೋಗುವ ಒಂದೇ ದಾರಿ ಮೂರನ್ನೂ ಹೊಲಿದಿದೆ. 69ನೇ ರಾಷ್ಟ್ರೀಯ ಹೆದ್ದಾರಿಯು ಹೊನ್ನಾವರದ ಕಡಲಂಚಿನಿಂದ ಹೊರಟು ಸಾಗರ, ಶಿವಮೊಗ್ಗ, ಕಡೂರು, ಹುಳಿಯಾರು, ಶಿರಾ, ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ, ಮುಳಬಾಗಿಲುಗಳನ್ನು ದಾಟಿ ಆಂಧ್ರದ ಚಿತ್ತೂರನ್ನು ಸೇರುತ್ತದೆ. ತುಮಕೂರು ಪಟ್ಟಣದವರಾದರೆ ಗುಬ್ಬಿ, ತಿಪಟೂರು, ಅರಸೀಕೆರೆ ಮಾರ್ಗವಾಗಿ ಬಾಣಾವರದ ಹತ್ತಿರ ಈ ದಾರಿಯನ್ನು ಕೂಡಿಕೊಳ್ಳುತ್ತಾರೆ. ಹೊನ್ನಾವರಕ್ಕೆ ಸುಮಾರು 360 ಕಿ.ಮೀ., ಅಲ್ಲಿಂದ ಗೋಕರ್ಣಕ್ಕೆ ಇನ್ನೂ ಸುಮಾರು 50 ಕಿ.ಮೀ.

ಗೋಕರ್ಣದ ಓಂ ಬೀಚಿನಿಂದ ಹಾಫ್‌ಮೂನ್ ಮತ್ತು ಪ್ಯಾರಡೈಸ್ ಬೀಚುಗಳವರೆಗೆ ಒಂದೆರಡು ಗಂಟೆಯ ದೋಣಿಯಾನ ಮಾಡಿ, ದಾರಿಯಲ್ಲಿ ಬಂಡೆಯ ಗೋಡೆಗಳಲ್ಲಿ ಅಲೆಗಳು ಕೊರೆದಿರುವ ಗವಿ, ಸಂದು, ಕಮಾನುಗಳನ್ನು ನೋಡಿ, ಮಧ್ಯಾಹ್ನ ಆ ಊರಿನವರು ಉಣ್ಣುವ ಊಟವನ್ನೇ ಉಂಡು ಮರಳುವುದು ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ನಮ್ಮ ಕಡೆಯಿಂದ ಹೋಗುವವರು ಸಾಮಾನ್ಯವಾಗಿ ಮೊದಲು ರಜೆ ನೋಡುತ್ತಾರೆ, ಆಮೇಲೆ ಟಿಕೆಟ್, ಆಮೇಲೆ ಕೋಣೆ. ಸಮುದ್ರ ಆ ಹೊತ್ತಿಗೆ ಹೇಗಿರುತ್ತದೆ ಎಂಬ ಪ್ರಶ್ನೆಯನ್ನು ದೋಣಿಯ ಬಳಿ ನಿಂತ ಮೇಲೆ ಕೇಳುತ್ತಾರೆ. ಹೀಗೆ ಹೋದವರು ಮಧ್ಯಾಹ್ನದ ಗಾಳಿಗೆ, ತುಂಬಿದ ಉಬ್ಬರಕ್ಕೆ ಸಿಕ್ಕಿ, ಗವಿಯ ಬಾಯಿಯನ್ನು ದೂರದಿಂದ ಕಂಡು ಮರಳಬೇಕಾಗುತ್ತದೆ. ಆದ್ದರಿಂದ ಈ ಪ್ರವಾಸದ ಲೆಕ್ಕವನ್ನು ಇಳಿತದ ಗಂಟೆಯಿಂದ ಹಿಂದಕ್ಕೆ ಎಣಿಸುತ್ತ ಬರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಹಂತ: ತಿಂಗಳು, ತಿಥಿ, ಗಂಟೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವನ್ನು ಪೂರ್ತಿಯಾಗಿ ಬಿಟ್ಟುಬಿಡಿ. ನೈಋತ್ಯ ಮುಂಗಾರಿನ ಸಮುದ್ರದಲ್ಲಿ ಪ್ರವಾಸಿ ದೋಣಿಗಳು ಓಡುವುದಿಲ್ಲ; ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೂ ರಾಜ್ಯದಲ್ಲಿ ನಿಷೇಧವಿರುತ್ತದೆ. ಅಂದರೆ ಆ ಎರಡು ತಿಂಗಳು ಊಟದ ಅರ್ಧ ಸೊಗಸೂ ಕಡಿಮೆ. ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಅತ್ಯುತ್ತಮ. ಮಾರ್ಚ್‌ನಿಂದ ಮೇವರೆಗೆ ಹೋಗಬಹುದು, ಆದರೆ ಸೆಕೆಯ ಜೊತೆಗೆ ಮಧ್ಯಾಹ್ನದ ಗಾಳಿಯೂ ಜೋರಾಗಿರುತ್ತದೆ.

ಈ ಗಾಳಿಯ ವಿಷಯವನ್ನು ಬಯಲುಸೀಮೆಯವರು ಸರಿಯಾಗಿ ತಿಳಿದುಕೊಳ್ಳಬೇಕು. ಬಿಸಿಲೇರಿದಂತೆ ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಮೇಲೆದ್ದಾಗ ಆ ಜಾಗಕ್ಕೆ ಕಡಲ ಕಡೆಯಿಂದ ತಂಪು ಗಾಳಿ ನುಗ್ಗುತ್ತದೆ. ನಮ್ಮ ಕರಾವಳಿಯಲ್ಲಿ ಇದು ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ ಮತ್ತು ಮಧ್ಯಾಹ್ನದ ಹೊತ್ತಿಗೆ ನೀರಿನ ಮೇಲ್ಮೈಯನ್ನೆಲ್ಲ ಕಲಕಿಬಿಡುತ್ತದೆ. ಬೆಳಗ್ಗೆ ಏಳರಿಂದ ಹತ್ತರವರೆಗೆ ಶಾಂತವಾಗಿದ್ದ ಸಮುದ್ರವೇ ಎರಡು ಗಂಟೆಗೆ ದೋಣಿಯನ್ನು ಎತ್ತಿ ಕುಕ್ಕುತ್ತದೆ. ದೋಣಿಯಾನಕ್ಕೆ ಬೆಳಗಿನ ಹೊತ್ತನ್ನು ಬಿಟ್ಟು ಬೇರೆ ಹೊತ್ತನ್ನು ಯೋಚಿಸಲೇಬೇಡಿ.

ಇನ್ನು ಉಬ್ಬರವಿಳಿತ. ದಿನಕ್ಕೆ ಎರಡು ಬಾರಿ ನೀರು ಏರುತ್ತದೆ, ಎರಡು ಬಾರಿ ಇಳಿಯುತ್ತದೆ, ಮತ್ತು ಪ್ರತಿದಿನ ಈ ಗಂಟೆಗಳು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತವೆ, ಏಕೆಂದರೆ ಚಂದ್ರ ನೆತ್ತಿಯ ಮೇಲಿನ ಅದೇ ಜಾಗಕ್ಕೆ ಮರಳಲು 24 ಗಂಟೆ 50 ನಿಮಿಷ ತೆಗೆದುಕೊಳ್ಳುತ್ತಾನೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತದ ಅಂತರ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಗೋಕರ್ಣ, ಕಾರವಾರದ ಕಡೆ ಹುಣ್ಣಿಮೆ ಅಮಾವಾಸ್ಯೆಗಳಂದು ಬೆಳಗಿನ ಇಳಿತವು ಇನ್ನೂ ಕತ್ತಲಿರುವಾಗಲೇ ಆಗಿಹೋಗುತ್ತದೆ. ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಉಬ್ಬರ ತುಂಬುತ್ತದೆ. ದಿನಕ್ಕೆ 50 ನಿಮಿಷದ ಲೆಕ್ಕದಲ್ಲಿ ಮುಂದುವರಿದರೆ ತದಿಗೆಯಿಂದ ಪಂಚಮಿಯವರೆಗಿನ ದಿನಗಳಲ್ಲಿ ಇಳಿತವು ಸುಮಾರು ಏಳರಿಂದ ಎಂಟೂವರೆಯೊಳಗೆ ಬರುತ್ತದೆ. ಗಾಳಿ ಇನ್ನೂ ಎದ್ದಿರುವುದಿಲ್ಲ, ನೀರು ಇಳಿದು ಗವಿಗಳ ಬಾಯಿ ತೆರೆದಿರುತ್ತದೆ, ಬೆಳಕು ಚೆನ್ನಾಗಿರುತ್ತದೆ. ಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತದಿಗೆ, ಚೌತಿ, ಪಂಚಮಿಗಳಲ್ಲಿ ಯಾವುದು ಭಾನುವಾರದ ಹತ್ತಿರ ಬೀಳುತ್ತದೆಂದು ನೋಡಿದರೆ ಅರ್ಧ ಯೋಜನೆ ಮುಗಿದಂತೆ.

ತಿಥಿಯ ಲೆಕ್ಕ ಅಂದಾಜಿಗೆ ಮಾತ್ರ. ಹೊರಡುವ ಎರಡು ದಿನ ಮೊದಲು ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ (ಇನ್‌ಕಾಯ್ಸ್) ಪ್ರಕಟಿಸುವ ಕಾರವಾರದ ಉಬ್ಬರವಿಳಿತದ ಪಟ್ಟಿಯನ್ನೂ, ಅಲೆಯ ಎತ್ತರದ ಮುನ್ಸೂಚನೆಯನ್ನೂ ನೋಡಿ. ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನೂ ಓದಿ. ಮೀನುಗಾರರು ಕಡಲಿಗಿಳಿಯಬಾರದೆಂದು ಹೇಳಿರುವ ದಿನ ನಿಮ್ಮ ಪ್ರವಾಸಿ ದೋಣಿಯೂ ಇಳಿಯಬಾರದು; ಯಾರಾದರೂ ಕರೆದುಕೊಂಡು ಹೋಗುತ್ತೇವೆಂದರೂ ಹೋಗಬೇಡಿ.

ಎರಡನೆಯ ಹಂತ: ಹೋಗುವ ದಾರಿ

ತುಮಕೂರಿನವರಿಗೆ ರೈಲು ಅನುಕೂಲ. ಮೈಸೂರಿನಿಂದ ಬೆಂಗಳೂರು, ತುಮಕೂರು, ಅರಸೀಕೆರೆ, ಶಿವಮೊಗ್ಗ ಮಾರ್ಗವಾಗಿ ತಾಳಗುಪ್ಪಕ್ಕೆ ಹೋಗುವ ರಾತ್ರಿಯ ರೈಲು ಬೆಳಗಾಗುವ ಹೊತ್ತಿಗೆ ನಿಮ್ಮನ್ನು ಜೋಗದ ಹತ್ತಿರಕ್ಕೆ ತಂದು ಬಿಡುತ್ತದೆ. ಈ ರೈಲು ತುಮಕೂರನ್ನು ಮಧ್ಯರಾತ್ರಿಯ ಆಸುಪಾಸಿನಲ್ಲಿ ಹಾದುಹೋಗುವುದರಿಂದ ಟಿಕೆಟ್ ಮಾಡುವಾಗ ದಿನಾಂಕವನ್ನು ಎರಡು ಸಲ ನೋಡಿ: ಶುಕ್ರವಾರ ರಾತ್ರಿ ಊಟ ಮಾಡಿ ನಿಲ್ದಾಣಕ್ಕೆ ಹೋಗುವವರ ಟಿಕೆಟ್ ಶನಿವಾರದ್ದಾಗಿರಬೇಕಾದೀತು. ತಾಳಗುಪ್ಪದಿಂದ ಹೊನ್ನಾವರಕ್ಕೆ ಬಸ್ಸಿನಲ್ಲಿ ಗೇರುಸೊಪ್ಪೆ ಘಟ್ಟವಿಳಿಯಬೇಕು. ಶರಾವತಿಯ ಕಣಿವೆಗೆ ಇಳಿಯುವ ಈ ತಿರುವುಗಳಲ್ಲಿ ವಾಂತಿಯಾಗುವವರಿಗೆ ದೋಣಿಯಲ್ಲೂ ಆಗುವ ಸಂಭವ ಹೆಚ್ಚು. ಹಾಗಾಗಿ ಮನೆಯ ಮಂದಿಯಲ್ಲಿ ಯಾರನ್ನು ದೋಣಿಯಲ್ಲಿ ಹೆಚ್ಚು ಜೋಪಾನ ಮಾಡಬೇಕೆಂಬುದು ಇಲ್ಲೇ ಗೊತ್ತಾಗುತ್ತದೆ.

ಕೋಲಾರ, ಚಿಕ್ಕಬಳ್ಳಾಪುರದವರು ಬೆಂಗಳೂರಿಗೆ ಬಂದು ಕಾರವಾರದ ರಾತ್ರಿಯ ರೈಲು ಹಿಡಿದರೆ ಗೋಕರ್ಣ ರೋಡ್ ನಿಲ್ದಾಣದಲ್ಲೇ ಇಳಿಯಬಹುದು. ಅಲ್ಲಿಂದ ಊರಿಗೆ ಆಟೊ ಸಿಗುತ್ತದೆ. ರಾತ್ರಿಯ ಬಸ್ಸುಗಳೂ ಇವೆ. ಸ್ವಂತ ವಾಹನದವರು ರಾತ್ರಿ ಘಟ್ಟವಿಳಿಯದಂತೆ ಹೊರಡುವ ಹೊತ್ತನ್ನು ಇಟ್ಟುಕೊಳ್ಳಿ.

ದೋಣಿಯಾನ ಮರುದಿನ ಬೆಳಗ್ಗೆ ಇರುವುದರಿಂದ ಮೊದಲ ದಿನ ಕೈಯಲ್ಲಿ ಹೊತ್ತಿರುತ್ತದೆ. ಹೊನ್ನಾವರದಲ್ಲಿ ಇಳಿದವರು ಶರಾವತಿ ಸೇತುವೆ ದಾಟಿ ಕಾಸರಕೋಡಿನ ಕಡೆ ಹೋಗಬಹುದು. ಅಲ್ಲಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ದೊರೆತಿದೆ. ಹತ್ತಿರದ ಕಾಂಡ್ಲಾ ವನದಲ್ಲಿ ಮರದ ಹಲಗೆಯ ಕಾಲುದಾರಿಯ ಮೇಲೆ ನಡೆದು ಉಪ್ಪುನೀರಿನಲ್ಲಿ ಬೇರೂರಿ ನಿಂತ ಮರಗಳನ್ನು ಹತ್ತಿರದಿಂದ ನೋಡಬಹುದು. ಅಲ್ಲಿಂದ ಸ್ವಲ್ಪ ದೂರದ ಅಪ್ಸರಕೊಂಡದಲ್ಲಿ ಪುಟ್ಟ ಜಲಪಾತವೂ, ಪಾಂಡವರ ಗುಹೆಗಳೆಂದು ಜನ ಕರೆಯುವ ಜಂಬಿಟ್ಟಿಗೆಯ ಗವಿಗಳೂ ಇವೆ. ಮರುದಿನ ನೋಡಲಿರುವ ಗವಿಗಳ ಜೊತೆ ಹೋಲಿಸಲು ಇವನ್ನು ನೋಡಿರುವುದು ಒಳ್ಳೆಯದು.

ಮೂರನೆಯ ಹಂತ: ಏನನ್ನು ನೋಡಲಿದ್ದೇವೆಂದು ತಿಳಿದುಕೊಳ್ಳುವುದು

ಗವಿ ಎಂದಾಗ ನಮ್ಮ ಕಣ್ಣಮುಂದೆ ಬರುವುದು ಕೊರಟಗೆರೆಯ ಸಿದ್ಧರಬೆಟ್ಟ, ಕೋಲಾರದ ಅಂತರಗಂಗೆ. ಅವು ಗ್ರಾನೈಟ್ ಬಂಡೆಗಳು ಬಿರಿದು, ಉರುಳಿ, ಒಂದರ ಮೇಲೊಂದು ಒರಗಿದಾಗ ನಡುವೆ ಉಳಿದ ಪೊಳ್ಳುಗಳು. ಅಲ್ಲಿ ನೀರಿನ ಕೆಲಸ ಬಹಳ ನಿಧಾನದ್ದು. ಸಮುದ್ರದ ಗವಿಯ ಕತೆಯೇ ಬೇರೆ. ಕಡಲಿಗೆ ಮೂಗು ಚಾಚಿದ ಬಂಡೆಯಲ್ಲಿ ಮೊದಲೇ ಇರುವ ಬಿರುಕಿಗೆ ಅಲೆ ಅಪ್ಪಳಿಸಿದಾಗ ಒಳಗಿನ ಗಾಳಿ ಒತ್ತಲ್ಪಡುತ್ತದೆ. ಅಲೆ ಹಿಂದೆ ಸರಿದೊಡನೆ ಆ ಗಾಳಿ ಸಿಡಿದು ಹೊರಬರುತ್ತದೆ. ಹೀಗೆ ಒತ್ತಿ ಬಿಡುವುದು ದಿನಕ್ಕೆ ಸಾವಿರಾರು ಬಾರಿ ನಡೆಯುತ್ತದೆ. ಜೊತೆಗೆ ಅಲೆ ಹೊತ್ತು ತರುವ ಮರಳು, ಬೆಣಚುಕಲ್ಲುಗಳು ಗೋಡೆಯನ್ನು ಉಜ್ಜುತ್ತವೆ. ಬಿರುಕು ಸಂದಾಗಿ, ಸಂದು ಗವಿಯಾಗಿ, ಚಾಚಿದ ಬಂಡೆಯ ಎರಡೂ ಬದಿಯ ಗವಿಗಳು ಕೂಡಿದಾಗ ಕಮಾನಾಗುತ್ತದೆ. ಕಮಾನಿನ ಮಾಡು ಕುಸಿದರೆ ನೀರಿನಲ್ಲಿ ಒಂಟಿ ಕಂಬದಂತೆ ಬಂಡೆ ಉಳಿಯುತ್ತದೆ. ಕರಾವಳಿಯ ಗುಡ್ಡಗಳ ನೆತ್ತಿಯಲ್ಲಿ ಕೆಂಪು ಜಂಬಿಟ್ಟಿಗೆಯ ಹೊದಿಕೆ, ಬುಡದಲ್ಲಿ ಗಟ್ಟಿ ಶಿಲೆ. ಎರಡರ ನಡುವಿನ ಮೆದು ಪದರ ಬೇಗ ಸವೆಯುವುದರಿಂದ ಮೇಲಿನ ಹೊದಿಕೆಯ ತುಂಡುಗಳು ಆಗಾಗ ಕಳಚಿ ಬೀಳುತ್ತವೆ. ಬಂಡೆಯಂಚಿನ ಕೆಳಗೆ ಕುಳಿತು ತಿಂಡಿ ತಿನ್ನಬಾರದು ಎನ್ನುವುದು ಇದಕ್ಕಾಗಿ.

ಓಂ ಬೀಚಿನಿಂದ ಪ್ಯಾರಡೈಸ್‌ವರೆಗಿನ ದಾರಿಯಲ್ಲಿ ಮಹಡಿಯೆತ್ತರದ ದೊಡ್ಡ ಗುಹೆಗಳನ್ನು ನಿರೀಕ್ಷಿಸಬೇಡಿ. ಇಲ್ಲಿರುವುದು ಒಬ್ಬಿಬ್ಬರು ಬಗ್ಗಿ ನಿಲ್ಲಬಹುದಾದ ಪೊಟರೆಗಳು, ನೀರು ಗುಡುಗುಡು ಸದ್ದು ಮಾಡಿ ಒಳನುಗ್ಗುವ ಇಕ್ಕಟ್ಟಾದ ಸಂದುಗಳು, ಇಳಿತದಲ್ಲಿ ಮಾತ್ರ ಕಾಣುವ ಬುಡದ ಕೊರೆತಗಳು. ಇವುಗಳ ಬಳಿ ದೋಣಿಯ ಎಂಜಿನ್ ನಿಲ್ಲಿಸಿ ಐದು ನಿಮಿಷ ಸುಮ್ಮನೆ ಕುಳಿತರೆ ಕಾಣುವುದೂ ಕೇಳುವುದೂ ಬಹಳವಿದೆ: ಅಲೆ ಒಳಹೊಕ್ಕ ಮೇಲೆ ಒಂದು ಕ್ಷಣ ತಡೆದು ಬರುವ ಉಸಿರಿನಂಥ ಸದ್ದು, ಇಳಿತದ ಗೆರೆಗೆ ಅಂಟಿಕೊಂಡ ಕಲ್ವಗಳ (ಬಂಡೆಗೆ ಅಂಟಿ ಬೆಳೆಯುವ ಚಿಪ್ಪುಜೀವಿಗಳ) ಬಿಳಿ ಸಾಲು, ಆ ಸಾಲಿನ ಮೇಲೆ ಓರೆಯಾಗಿ ಓಡುವ ಏಡಿಗಳು. ನನಗಂತೂ ಯಾವ ದೊಡ್ಡ ಗುಹೆಗಿಂತಲೂ ಇದೇ ಹೆಚ್ಚು.

ನಾಲ್ಕನೆಯ ಹಂತ: ದೋಣಿ ಗೊತ್ತುಮಾಡುವುದು

ಹಿಂದಿನ ಸಂಜೆಯೇ ಓಂ ಬೀಚಿಗೆ ಹೋಗಿ ದೋಣಿಯವರನ್ನು ಮಾತನಾಡಿಸಿ. ಬೆಳಗ್ಗೆ ಅವಸರದಲ್ಲಿ ಮಾತನಾಡಿದರೆ ಸಿಕ್ಕಿದ ದೋಣಿ ಹತ್ತಬೇಕಾಗುತ್ತದೆ. ಇಲ್ಲಿ ಓಡುವವು ಹೆಚ್ಚಾಗಿ ಹಿಂಬದಿಗೆ ಎಂಜಿನ್ ಕಟ್ಟಿದ ಫೈಬರ್ ದೋಣಿಗಳು; ನಡೆಸುವವರು ಮೀನುಗಾರ ಮನೆತನದವರು, ಆ ನೀರಿನಲ್ಲೇ ಬೆಳೆದವರು. ಅವರ ತಿಳಿವಳಿಕೆಗೆ ಬೆಲೆ ಕೊಟ್ಟು ಮಾತನಾಡಿದರೆ ಅವರೂ ಮನಬಿಚ್ಚಿ ಹೇಳುತ್ತಾರೆ. ‘ಎಷ್ಟು ತಗೊಳ್ತೀರಿ’ ಎಂದು ಶುರುಮಾಡುವ ಬದಲು, ‘ಅಣ್ಣ, ನಾಳೆ ಬೆಳಗ್ಗೆ ಗಾಳಿ ಹೇಗಿರಬಹುದು? ಇಳಿತ ಎಷ್ಟು ಗಂಟೆಗೆ? ಬಂಡೆ ಹತ್ತಿರ ಹೋಗೋಕಾಗ್ತದಾ?’ ಎಂದು ಕೇಳಿ. ನೀವು ನೋಡಿಟ್ಟುಕೊಂಡ ಪಟ್ಟಿಗೂ ಅವರ ಉತ್ತರಕ್ಕೂ ಹೊಂದಿಕೆಯಾದರೆ ಸರಿಯಾದವರನ್ನೇ ಹಿಡಿದಿದ್ದೀರಿ. ‘ನಾಳೆ ಬೆಳಗ್ಗೆ ನೋಡಿ ಹೇಳ್ತೇನೆ’ ಎನ್ನುವ ತಾಂಡೇಲರನ್ನು (ದೋಣಿ ನಡೆಸುವವರನ್ನು) ‘ಯಾವಾಗ ಬಂದರೂ ಹೋಗೋಣ’ ಎನ್ನುವವರಿಗಿಂತ ಹೆಚ್ಚು ನಂಬಬಹುದು.

ಬಾಡಿಗೆ ಇಡೀ ದೋಣಿಗೋ ತಲೆಗೋ, ಎಷ್ಟು ಹೊತ್ತಿಗೆ, ದಡದಲ್ಲಿ ಇಳಿದು ಕಾಯುವ ಸಮಯ ಅದರಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಗವಿಗಳ ಬಳಿ ನಿಧಾನವಾಗಿ ಹೋಗಬೇಕು, ಡಾಲ್ಫಿನ್ ಕಂಡರೆ ಬೆನ್ನಟ್ಟಬಾರದು ಎಂಬ ಎರಡು ಮಾತುಗಳನ್ನೂ ಆಗಲೇ ಹೇಳಿ. ಈ ನೀರಿನಲ್ಲಿ ಬೆನ್ನ ಮೇಲೆ ಗೂನಿರುವ ಡಾಲ್ಫಿನ್‌ಗಳು ಕಾಣಸಿಗುತ್ತವೆ. ಎಂಜಿನ್ ತಗ್ಗಿಸಿ ಕಾದರೆ ಅವು ತಾವಾಗಿ ಹತ್ತಿರ ಬರಬಹುದು. ಅಟ್ಟಿದರೆ ಮುಳುಗಿ ದೂರ ಹೋಗುತ್ತವೆ, ಮರಿಗಳಿರುವ ತಾಯಿಗಂತೂ ಅದು ದೊಡ್ಡ ಹಿಂಸೆ. ನೆಟ್‌ವರ್ಕ್ ಎಲ್ಲ ಕಡೆ ಸಿಗುವುದಿಲ್ಲವಾದ್ದರಿಂದ ನಗದು ಇಟ್ಟುಕೊಳ್ಳಿ.

ಹತ್ತುವ ಮೊದಲು ದೋಣಿಯನ್ನು ನೀವೇ ಒಮ್ಮೆ ನೋಡಬೇಕು. ದೋಣಿಯ ಮೇಲೆ ನೋಂದಣಿ ಸಂಖ್ಯೆ ಬರೆದಿದೆಯೇ, ತಳದಲ್ಲಿ ನೀರು ನಿಂತಿದೆಯೇ, ಎಂಜಿನ್ ಕೈಕೊಟ್ಟರೆ ಹುಟ್ಟುಗಳಿವೆಯೇ, ಹಗ್ಗ ಮತ್ತು ಲಂಗರು ಇವೆಯೇ, ತಲೆಗೊಂದರಂತೆ ಲೈಫ್ ಜಾಕೆಟ್ ಇದೆಯೇ. ಜಾಕೆಟ್ ಇದ್ದರೆ ಸಾಲದು, ಅಳತೆಗೆ ಸರಿಯಾಗಿರಬೇಕು. ಎಲ್ಲ ಪಟ್ಟಿಗಳನ್ನೂ ಬಿಗಿದ ಮೇಲೆ ಬೇರೊಬ್ಬರು ಭುಜದ ಮೇಲಿನ ಭಾಗವನ್ನು ಹಿಡಿದು ಮೇಲಕ್ಕೆಳೆಯಲಿ. ಜಾಕೆಟ್ ಗಲ್ಲ, ಕಿವಿಗಳವರೆಗೆ ಏರಿಬಂದರೆ ಅದು ದೊಡ್ಡದಾಯಿತು, ನೀರಿಗೆ ಬಿದ್ದಾಗ ತಲೆಯಿಂದ ಕಳಚಿಹೋಗುತ್ತದೆ. ಮಕ್ಕಳಿಗೆ ದೊಡ್ಡವರ ಜಾಕೆಟನ್ನು ಬಿಗಿದು ಕಟ್ಟಿ ಸಮಾಧಾನಪಟ್ಟುಕೊಳ್ಳಬೇಡಿ. ಮಕ್ಕಳ ಅಳತೆಯದು ಸಿಗದಿದ್ದರೆ ಆ ದೋಣಿಯನ್ನು ಬಿಡಿ.

ನಮ್ಮಲ್ಲಿ ಅಮಾನಿಕೆರೆಯಲ್ಲೋ ಮಾರ್ಕೋನಹಳ್ಳಿ ಜಲಾಶಯದ ಅಂಚಿನಲ್ಲೋ ನೀರು ಕಂಡವರಿಗೆ, ಬಾವಿಯಲ್ಲಿ ಈಜು ಕಲಿತವರಿಗೆ, ತಮಗೆ ನೀರಿನ ಪರಿಚಯವಿದೆ ಎಂಬ ಧೈರ್ಯವಿರುತ್ತದೆ. ನಿಂತ ನೀರಿನ ಈಜು ಅಲೆಯ ನೀರಿನಲ್ಲಿ ನಂಬಿಕೆಗೆ ಯೋಗ್ಯವಲ್ಲ. ಈಜು ಬಲ್ಲವರೂ ಜಾಕೆಟ್ ಕಳಚಬಾರದು. ಮದ್ಯ ಸೇವಿಸಿದವರನ್ನು ಜೊತೆಗೆ ಹತ್ತಿಸಿಕೊಳ್ಳಬಾರದು. ಕರಾವಳಿ ಕಾವಲು ಪಡೆಯ ತುರ್ತು ಸಂಖ್ಯೆ 1554, ಕರಾವಳಿ ಕಾವಲು ಪೊಲೀಸರದು 1093, ಎಲ್ಲಕ್ಕೂ ಸಾಮಾನ್ಯವಾದದ್ದು 112. ಮೂರನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ತೆರೆದ ಕಡಲೆಂದರೆ ಹೆದರುವ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಕೋಣೆಯಲ್ಲಿ ಬಿಟ್ಟು ಹೋಗಬೇಕಿಲ್ಲ. ಗೋಕರ್ಣದಿಂದ ತದಡಿಗೆ ಹೋದರೆ ಅಲ್ಲಿಂದ ಆಚೆ ದಡದ ಅಘನಾಶಿನಿ ಊರಿಗೆ ಜನರನ್ನು ದಾಟಿಸುವ ದೋಣಿ ಓಡುತ್ತದೆ. ಶಿರಸಿಯ ಕಡೆ ಹುಟ್ಟಿ, ಎಲ್ಲೂ ಅಣೆಕಟ್ಟಿಲ್ಲದೆ ಹರಿದುಬರುವ ಅಘನಾಶಿನಿ ಇಲ್ಲಿ ಕಡಲು ಸೇರುತ್ತದೆ. ಈ ಅಳಿವೆ ಪ್ರದೇಶವನ್ನು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗು ತಾಣಗಳ ಪಟ್ಟಿಗೆ ಸೇರಿಸಲಾಯಿತು. ಇಳಿತದ ಹೊತ್ತಿನಲ್ಲಿ ದಾಟಿದರೆ, ಮೊಣಕಾಲುದ್ದ ನೀರಿನಲ್ಲಿ ಬಾಗಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಿರುವ ಹೆಂಗಸರನ್ನು ಕಾಣಬಹುದು. ಮಧ್ಯಾಹ್ನದ ಊಟ ಅಲ್ಲಿಂದಲೇ ಬರುತ್ತದೆ.

ಐದನೆಯ ಹಂತ: ನೀರಿನ ಮೇಲೆ

ದೋಣಿ ಹತ್ತುವ ಒಂದು ಗಂಟೆ ಮೊದಲು ಎರಡು ಇಡ್ಲಿಯೋ ಸ್ವಲ್ಪ ಅವಲಕ್ಕಿಯೋ ಸಾಕು. ಖಾಲಿ ಹೊಟ್ಟೆಯೂ ಬೇಡ, ಎಣ್ಣೆಯ ತಿಂಡಿಯೂ ಬೇಡ. ವಾಂತಿಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಮೊದಲೇ ಕೇಳಿಕೊಂಡು, ಹತ್ತಿದ ಮೇಲಲ್ಲ, ಹತ್ತುವ ಮೊದಲೇ ತೆಗೆದುಕೊಳ್ಳಬೇಕು. ದೋಣಿಯ ಮೂತಿಯಲ್ಲಿ ಕುಲುಕಾಟ ಹೆಚ್ಚು. ಹೊಟ್ಟೆ ತೊಳಸುವವರು ನಡುವೆ ಅಥವಾ ಸ್ವಲ್ಪ ಹಿಂದೆ ಕುಳಿತು ದೂರದ ಬಾನಂಚಿನ ಮೇಲೆ ದೃಷ್ಟಿಯಿಡಲಿ, ಫೋನ್ ನೋಡದಿರಲಿ. ಕಾಲಿಗೆ ಹಿಂದೆ ಪಟ್ಟಿಯಿರುವ ರಬ್ಬರ್ ಚಪ್ಪಲಿ ಹಾಕಿಕೊಳ್ಳಿ. ಹವಾಯಿ ಚಪ್ಪಲಿ ಮೊದಲ ಅಲೆಗೇ ತೇಲಿಹೋಗುತ್ತದೆ, ಬರಿಗಾಲನ್ನು ಕಲ್ವದ ಚಿಪ್ಪು ಬ್ಲೇಡಿನ ಹಾಗೆ ಸೀಳುತ್ತದೆ. ಹಾಗೆ ಸೀಳಿದರೆ ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು, ಚಿಪ್ಪಿನ ಚೂರು ಉಳಿದಿಲ್ಲವೆಂದು ನೋಡಿ, ಬಟ್ಟೆ ಕಟ್ಟಿ. ಮರುದಿನ ಕೆಂಪಗೆ ಊದಿಕೊಂಡರೆ ವೈದ್ಯರಲ್ಲಿಗೆ ಹೋಗಿ.

ಬಂಡೆಗಳ ಹತ್ತಿರ ಬಂದಾಗ ಅವಸರಪಡಬೇಡಿ. ಅಲೆಗಳು ಒಂದೇ ಸಮನೆ ಬರುವುದಿಲ್ಲ: ಸಣ್ಣವು ಹಲವು ಬಂದ ಮೇಲೆ ದೊಡ್ಡವು ಕೆಲವು ಗುಂಪಾಗಿ ಬರುತ್ತವೆ. ಐದು ನಿಮಿಷ ಶಾಂತವಾಗಿ ಕಂಡ ಗವಿಯ ಬಾಯಿಗೆ ಆರನೆಯ ನಿಮಿಷ ಆಳೆತ್ತರದ ನೀರು ನುಗ್ಗಬಹುದು. ಹತ್ತು ಹದಿನೈದು ನಿಮಿಷ ದೂರದಲ್ಲಿ ನಿಂತು ದೊಡ್ಡ ಗುಂಪು ಎಷ್ಟು ಹೊತ್ತಿಗೊಮ್ಮೆ ಬರುತ್ತದೆಂದು ನೋಡಿ, ಆಮೇಲೆ ತಾಂಡೇಲರು ಒಪ್ಪಿದರೆ ಮಾತ್ರ ಹತ್ತಿರ ಹೋಗಬೇಕು. ಬಲ್ಲವರು ದೋಣಿಯ ಮೂತಿಯನ್ನು ಕಡಲ ಕಡೆಗೇ ಇಟ್ಟುಕೊಂಡು ಹಿಮ್ಮುಖವಾಗಿ ಬಂಡೆಯತ್ತ ಸರಿಯುತ್ತಾರೆ, ಅಲೆ ಎದ್ದರೆ ಥಟ್ಟನೆ ಮುಂದಕ್ಕೆ ಹೋಗಬಹುದೆಂದು. ದೋಣಿಯನ್ನು ಗವಿಯೊಳಕ್ಕೆ ಹಾಕಿಸುವಂತೆ ಒತ್ತಾಯಿಸಬೇಡಿ, ಎದ್ದು ನಿಂತು ಫೋಟೊ ತೆಗೆಯಬೇಡಿ, ಬಂಡೆಗೆ ತಾಗಿ ನಿಂತಿರುವ ದೋಣಿಯ ಅಂಚಿನಾಚೆ ಕೈ ಚಾಚಬೇಡಿ. ಬೆರಳು ಜಜ್ಜಿಹೋಗುವುದು ಹೀಗೆಯೇ.

ನಡೆದು ನೋಡಬಹುದಾದ ಪೊಟರೆಗಳನ್ನು ದಡದಲ್ಲಿ ಇಳಿದು ನೋಡಿ. ಇಳಿತದ ಗಂಟೆಗೆ ಒಂದು ಗಂಟೆ ಮೊದಲಿನಿಂದ ಒಂದು ಗಂಟೆ ನಂತರದವರೆಗಿನ ಅವಧಿ ಇದಕ್ಕೆ ಸರಿಯಾದದ್ದು. ಆಮೇಲೆ ನೀರು ಏರುವಾಗ ಒಳಗಿದ್ದವರಿಗೆ ಗೊತ್ತಾಗುವ ಮೊದಲೇ ಹೊರಗಿನ ಮರಳು ಮುಚ್ಚಿಹೋಗಿರುತ್ತದೆ. ಪಾಚಿಯ ಹಸಿರು ಬಣ್ಣವಿರುವ ಕಲ್ಲಿನ ಮೇಲೆ ಕಾಲಿಡಬೇಡಿ. ಏಡಿ, ಶಂಖದ ಹುಳು, ಕಲ್ವಗಳನ್ನು ಕಿತ್ತು ತರಬೇಡಿ. ಖಾಲಿ ಚಿಪ್ಪುಗಳಲ್ಲೂ ಸನ್ಯಾಸಿ ಏಡಿ ಮನೆ ಮಾಡಿಕೊಂಡಿರುತ್ತದೆ.

ಗಟ್ಟಿಮುಟ್ಟಾಗಿರುವವರು ಹೋಗುವಾಗ ದೋಣಿ ಹಿಡಿದು, ಬರುವಾಗ ಪ್ಯಾರಡೈಸ್‌ನಿಂದ ಹಾಫ್‌ಮೂನ್ ಮೂಲಕ ಓಂ ಬೀಚಿಗೆ ಗುಡ್ಡದ ಕಾಲುದಾರಿಯಲ್ಲಿ ನಡೆದು ಬರಬಹುದು. ಕೆಳಗಿನಿಂದ ನೋಡಿದ ಬಂಡೆಗಳನ್ನೇ ಮೇಲಿನಿಂದ ನೋಡಿದಂತಾಗುತ್ತದೆ. ಒಬ್ಬೊಬ್ಬರಾಗಿ, ಬಿಸಿಲೇರಿದ ಮೇಲೆ, ಕತ್ತಲಾದ ಮೇಲೆ ಬೇಡ. ನೀರಿನ ಬಾಟಲಿ ಇರಲಿ.

ಆರನೆಯ ಹಂತ: ಊಟ

ಕರಾವಳಿಗೆ ಹೋಗಿ ಉತ್ತರ ಭಾರತದ ಊಟವನ್ನೋ ಗೋಬಿ ಮಂಚೂರಿಯನ್ನೋ ತಿಂದು ಬರುವುದು ದೊಡ್ಡ ನಷ್ಟ. ಬೀಚಿನ ಮೇಲಿನ ಹೋಟೆಲುಗಳ ಮೆನು ಪ್ರವಾಸಿಗರಿಗಾಗಿ ಬರೆದದ್ದು. ಊರ ಊಟ ಬೇಕಾದರೆ ಗೋಕರ್ಣದ ಪೇಟೆಬೀದಿಗೆ, ತದಡಿಯ ಬಂದರಿನ ಕಡೆಗೆ, ಕುಮಟಾ ಅಥವಾ ಅಂಕೋಲಾದ ಖಾನಾವಳಿಗಳಿಗೆ ಹೋಗಿ, ಅಲ್ಲಿನವರು ಮಧ್ಯಾಹ್ನ ಎಲ್ಲಿ ಉಣ್ಣುತ್ತಾರೆಂದು ಆಟೊದವರನ್ನು ಕೇಳಿ.

ಸಸ್ಯಾಹಾರಿಗಳಿಗೆ ಇಲ್ಲಿ ಏನೂ ಇಲ್ಲವೆಂಬ ಭಾವನೆ ನಮ್ಮ ಕಡೆ ಬಹಳ ಜನರಲ್ಲಿದೆ; ಅದು ಪೂರ್ತಿ ತಪ್ಪು. ಹವ್ಯಕರ ಅಡುಗೆ ಈ ಜಿಲ್ಲೆಯ ದೊಡ್ಡ ಆಸ್ತಿ. ಒಂದೆಲಗವನ್ನೋ ಬೇರಾವುದೋ ಎಳೆ ಸೊಪ್ಪನ್ನೋ ಕಾಯಿತುರಿಯೊಡನೆ ರುಬ್ಬಿ ಮಜ್ಜಿಗೆ ಬೆರೆಸಿದ ತಂಬುಳಿಯನ್ನು ಊಟದ ಮೊದಲ ತುತ್ತಿಗೆ ಕಲಸಿಕೊಳ್ಳಿ. ಹುಳಿಯೂ ಪರಿಮಳವೂ ಇರುವ ಅಪ್ಪೆಮಾವಿನಿಂದ ಮಾಡಿದ ತೆಳ್ಳನೆಯ ಅಪ್ಪೆಹುಳಿಯನ್ನು ಅನ್ನಕ್ಕೂ ಹಾಕಿಕೊಳ್ಳುತ್ತಾರೆ, ಲೋಟದಲ್ಲಿ ಕುಡಿಯುತ್ತಾರೆ ಕೂಡ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು, ಕೆಸುವಿನ ಎಲೆಯ ಪತ್ರೊಡೆ, ನೀರುದೋಸೆ ಇವೆಲ್ಲ ಬೆಳಗಿನ ತಿಂಡಿಗೆ. ಕಾದ ಮಡಕೆಯ ಬೆನ್ನ ಮೇಲೆ ಅಕ್ಕಿಹಿಟ್ಟು, ಕಬ್ಬಿನ ಹಾಲಿನ ಹದವನ್ನು ಬಟ್ಟೆಯಿಂದ ಬಳಿದು ಕಾಗದದಷ್ಟು ತೆಳ್ಳಗೆ ತೆಗೆಯುವ ತೊಡದೇವು ಸಿಕ್ಕರೆ ಕಟ್ಟಿಸಿಕೊಂಡು ಬನ್ನಿ. ಪ್ರಯಾಣದಲ್ಲಿ ಒಡೆಯದಂತೆ ಡಬ್ಬಿಯಲ್ಲಿಡಬೇಕು.

ಮೀನು ತಿನ್ನುವವರು ಒಂದೇ ಸಲ ಎಲ್ಲವನ್ನೂ ತರಿಸಬೇಡಿ. ‘ಇವತ್ತು ಬಂದದ್ದು ಯಾವುದು?’ ಎಂದು ಕ್ಯಾಶಿನಲ್ಲಿರುವವರನ್ನೋ ಬಡಿಸುವವರನ್ನೋ ಕೇಳಿ, ಅದನ್ನೇ ಹೇಳಿ. ಬಂಗಡೆ, ತಾರ್ಲೆ (ಬೂತಾಯಿ) ಎಣ್ಣೆಯಂಶ ಹೆಚ್ಚಿರುವ, ರುಚಿ ಗಾಢವಾಗಿರುವ ಮೀನುಗಳು. ನೊಗಲಿ (ಕಾಣೆ ಮೀನು) ಮೃದು, ಮುಳ್ಳು ಬಿಡಿಸುವುದು ಸುಲಭ, ಹಾಗಾಗಿ ಮೊದಲ ಸಲ ತಿನ್ನುವ ಮಕ್ಕಳಿಗೆ ಒಳ್ಳೆಯದು. ಬಂಗಡೆಯ ಸಾರಿನಲ್ಲಿ ಕಾಳುಮೆಣಸಿಗಿಂತ ದೊಡ್ಡದಾದ, ಒಡೆದ ತೊಗಟೆಯಂಥ ಕಾಯಿ ಕಂಡರೆ ಅದು ಜುಮ್ಮಿನಕಾಯಿ, ಕೊಂಕಣಿಯವರ ತೆಪ್ಪಲ. ಇದರ ಪರಿಮಳ ಕಿತ್ತಳೆ ಸಿಪ್ಪೆಗೂ ಮೆಣಸಿಗೂ ನಡುವಿನದು, ನಾಲಿಗೆಯ ಮೇಲೆ ಜುಮುಜುಮು ಎನ್ನುತ್ತದೆ. ಕಾಯನ್ನು ಅಗಿಯದೆ ಬದಿಗಿಡಿ.

ಬಳಚು ಈ ಅಳಿವೆಯ ವಿಶೇಷ. ಕಾಯಿತುರಿ, ಒಣಮೆಣಸು ಹಾಕಿ ಸುಕ್ಕಾ ಮಾಡುತ್ತಾರೆ, ಗಸಿಯನ್ನೂ ಮಾಡುತ್ತಾರೆ. ಬೆಂದ ಮೇಲೆಯೂ ಬಾಯಿ ಬಿಡದ ಚಿಪ್ಪನ್ನು ಬಿಡಿಸಿ ತಿನ್ನಬಾರದು. ಬಯಲುಸೀಮೆಯವರಲ್ಲಿ ಎಷ್ಟೋ ಜನ ಚಿಪ್ಪಿನ ಮಾಂಸವನ್ನಾಗಲಿ ಏಡಿ, ಸಿಗಡಿಗಳನ್ನಾಗಲಿ ಹಿಂದೆಂದೂ ತಿಂದಿರುವುದಿಲ್ಲ, ತಮಗೆ ಅದು ಒಗ್ಗುತ್ತದೋ ಇಲ್ಲವೋ ಗೊತ್ತಿರುವುದಿಲ್ಲ. ಮೊದಲು ಒಂದೆರಡು ತುಣುಕು ತಿಂದು ಸ್ವಲ್ಪ ಹೊತ್ತು ನೋಡಿ. ತುಟಿ ಊದಿದರೆ, ಮೈ ಕೆರೆತ ಶುರುವಾದರೆ, ಉಸಿರು ಬಿಗಿದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಇದೇ ಕಾರಣಕ್ಕೆ ಇಂಥ ಊಟವನ್ನು ದೋಣಿಯಾನ ಮುಗಿದ ಮೇಲೆ ಇಟ್ಟುಕೊಳ್ಳಬೇಕು. ನೀರಿನ ನಡುವೆ ಮೈಗೆ ಆಗದಿದ್ದರೆ ಮಾಡುವುದೇನೂ ಇಲ್ಲ.

ಅನ್ನ ಕುಚ್ಚಲಕ್ಕಿಯದಾಗಿದ್ದರೆ ದಪ್ಪಗೆ ಬಿಡಿಬಿಡಿಯಾಗಿರುತ್ತದೆ, ಅಗಿದು ಉಣ್ಣಬೇಕು. ಮುದ್ದೆ ನುಂಗಿ ರೂಢಿಯಾದವರಿಗೆ ಇದು ಮೊದಲು ಕಷ್ಟವೆನಿಸಿದರೂ ಮೀನಿನ ಸಾರಿಗೆ ಇದರಷ್ಟು ಹೊಂದುವ ಅನ್ನ ಇಲ್ಲ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ (ಉಪ್ಪುನೀರು ನುಗ್ಗುವ ಅಳಿವೆಯಂಚಿನ ಗದ್ದೆಗಳಲ್ಲಿ) ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ ಸಾಯದ, ನೆರೆ ನೀರಿನೊಡನೆ ತಾನೂ ಎತ್ತರ ಬೆಳೆಯುವ ತಳಿ ಇದು. ಹೆಚ್ಚು ಜನ ಬೆಳೆಯದ ಕಾರಣ ಸುಲಭವಾಗಿ ಸಿಗುವುದಿಲ್ಲ. ಕೇಳಿ ನೋಡಿ, ಸಿಕ್ಕರೆ ಒಂದೆರಡು ಕಿಲೋ ಕೊಳ್ಳಿ. ನೀವು ಕೊಡುವ ಹಣ ಆ ತಳಿಯನ್ನು ಉಳಿಸಿಕೊಂಡ ರೈತರಿಗೆ ನೇರ ಬಲ. ಊಟದ ಕೊನೆಗೆ ಮುರುಗಲ ಕಡಿ (ಕೋಕಂ ಸಿಪ್ಪೆಯ ಹುಳಿ ಪಾನೀಯ) ಕುಡಿಯುವುದನ್ನು ಮರೆಯಬೇಡಿ. ತೆಂಗಿನೆಣ್ಣೆ, ಕಾಯಿಯ ಅಡುಗೆ ನಮ್ಮ ಹೊಟ್ಟೆಗೆ ಭಾರವೆನಿಸಿದಾಗ ಅದೇ ಸಮಾಧಾನ.

ಏಳನೆಯ ಹಂತ: ಮರಳುವ ದಿನ

ತದಡಿ ರಸ್ತೆಯ ಸಾಣಿಕಟ್ಟಾದಲ್ಲಿ ಉಪ್ಪಿನಾಗರಗಳಿವೆ. ಬೇಸಿಗೆಯಲ್ಲಿ ಹೋದರೆ ಕಟ್ಟೆ ಕಟ್ಟಿದ ಮಡಿಗಳಲ್ಲಿ ನೀರು ಆರಿ ಹರಳುಗಟ್ಟುವುದನ್ನು, ಉಪ್ಪನ್ನು ಎಳೆದು ರಾಶಿ ಮಾಡುವುದನ್ನು ನೋಡಬಹುದು. ಇಲ್ಲಿನ ದಪ್ಪ ಉಪ್ಪು ಮಾವಿನ ಮಿಡಿ ಉಪ್ಪಿನಕಾಯಿಗೆ ಹೇಳಿ ಮಾಡಿಸಿದಂಥದ್ದು. ಗಾಳಿಯಾಡದ ಡಬ್ಬಿಗೆ ಹಾಕಿಡದಿದ್ದರೆ ಬೇಗ ನೀರೊಡೆಯುತ್ತದೆ. ಒಣಮೀನು ಕೊಳ್ಳುವವರು ಎರಡು ಪದರ ಪ್ಲಾಸ್ಟಿಕ್ಕಿನೊಳಗೆ ಕಟ್ಟಿಸಿ, ರೈಲಿನಲ್ಲಿ ಬೇರೆಯವರಿಗೆ ತೊಂದರೆಯಾಗದಂತೆ ಮುಚ್ಚಿದ ಡಬ್ಬಿಯಲ್ಲಿ ತನ್ನಿ.

ತಾಳಗುಪ್ಪದಿಂದ ರೈಲಿಗೆ ಹೋಗುವವರು ಹೊನ್ನಾವರದಿಂದ ಮಧ್ಯಾಹ್ನವೇ ಹೊರಡಬೇಕು. ಘಟ್ಟದಲ್ಲಿ ಒಂದು ಲಾರಿ ಕೆಟ್ಟು ನಿಂತರೂ ಗಂಟೆಗಟ್ಟಲೆ ತಡವಾಗುತ್ತದೆ; ಬೇಗ ತಲುಪಿದರೆ ಜೋಗವನ್ನು ನೋಡುವಷ್ಟು ಹೊತ್ತು ಸಿಗುತ್ತದೆ, ನಷ್ಟವೇನಿಲ್ಲ. ಕಡಲ ನೀರು ತಾಗಿದ ಬಟ್ಟೆ, ಚಪ್ಪಲಿ, ಕ್ಯಾಮೆರಾದ ಪಟ್ಟಿಗಳನ್ನು ಹೊರಡುವ ಮೊದಲೇ ಸಿಹಿನೀರಿನಲ್ಲಿ ತೊಳೆಯಿರಿ. ಉಪ್ಪು ಒಣಗಿದರೆ ಹೊಲಿಗೆಯೂ ಜಿಪ್ಪೂ ಹಾಳಾಗುತ್ತವೆ.

ಮುರುಗಲಿನ ಒಣಸಿಪ್ಪೆಯನ್ನು ಕುಮಟಾ, ಗೋಕರ್ಣದ ಅಂಗಡಿಗಳಲ್ಲಿ ಕೊಳ್ಳುವಾಗ ಕಪ್ಪುಗೆಂಪಾಗಿ, ಬಾಗಿಸಿದರೆ ಮುರಿಯದಷ್ಟು ಮೆತ್ತಗಿರುವುದನ್ನು ಆರಿಸಿ. ಕರಕಲಾಗಿ ಪುಡಿಯಾಗುವುದು ಹಳೆಯದು. ಮನೆಯಲ್ಲಿ ಆರೇಳು ಸಿಪ್ಪೆಯನ್ನು ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಕಿವುಚಿ ಸೋಸಿ, ಒಂದು ಲೋಟ ಕಾಯಿಹಾಲು, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಒಂದು ಹಸಿಮೆಣಸು, ರುಚಿಗೆ ಉಪ್ಪು ಸೇರಿಸಿದರೆ ಕಡಿ ಸಿದ್ಧವಾಗುತ್ತದೆ. ಒಲೆಯ ಮೇಲಿಟ್ಟು ಕುದಿಸಬೇಡಿ, ಕಾಯಿಹಾಲು ಒಡೆಯುತ್ತದೆ. ಅದೇ ಹೊತ್ತಿಗೆ ಕುಡಿದು ಮುಗಿಸಿ. ಉಳಿದ ಸಿಪ್ಪೆಯನ್ನು ಗಾಜಿನ ಭರಣಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಮುಂದಿನ ಬೇಸಿಗೆಯವರೆಗೂ ಕೆಡದೆ ಇರುತ್ತದೆ.